ಎಣಿಕೆ ಗಟ್ಟಿ, ವಿವರಣೆ ಟೊಳ್ಳು: ಮೇಜಿನ ಮೇಲಿಡುವ ಮ್ಯೂಯಾನ್ ಕಿಟ್

"ಕಾಲ ಹಿಗ್ಗುವುದನ್ನು ಕಣ್ಣಾರೆ ಕಾಣಿರಿ" ಎಂದು ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದ, ಮ್ಯೂಯಾನ್ ಎಂಬ ಸೂಕ್ಷ್ಮ ಕಣಗಳನ್ನು ಎಣಿಸುವ ಉಪಕರಣವೊಂದನ್ನು 28,000 ರೂಪಾಯಿ ಕೊಟ್ಟು ತರಿಸಿಕೊಂಡು, ಎರಡು ಸೆಮಿಸ್ಟರ್‌ಗಳ ಕಾಲ ತರಗತಿಯಲ್ಲಿಯೂ ತರಗತಿಯ ಹೊರಗೂ ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸುವವನು ನಾನು. ಓಡುವ ಗಡಿಯಾರ ನಿಂತವರ ಲೆಕ್ಕಕ್ಕೆ ನಿಧಾನವಾಗುತ್ತದೆ, ಅಂದರೆ ಕಾಲ ಹಿಗ್ಗುತ್ತದೆ ಎನ್ನುವ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪಾಠವು ಪ್ರತಿವರ್ಷವೂ ಕಪ್ಪುಹಲಗೆಯ ಮೇಲಿನ ಒಂದು ವರ್ಗಮೂಲದಲ್ಲಿ ಆರಂಭವಾಗಿ ಅದೇ ವರ್ಗಮೂಲದಲ್ಲಿ ಮುಗಿದುಹೋಗುವುದನ್ನು ಕಂಡು ಬೇಸತ್ತು, ವಿದ್ಯಾರ್ಥಿಗಳು ಮುಟ್ಟಿ ನೋಡಬಹುದಾದ ಏನಾದರೂ ಇರಲಿ ಎಂಬ ಆಸೆಯಿಂದ ಇದನ್ನು ಕೊಂಡೆ. ತಯಾರಕರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಇದೇ ಬಗೆಯ ಕಿಟ್‌ಗಳು ಈಗ ಹಲವು ಕಡೆ ಸಿಗುತ್ತಿರುವುದರಿಂದ, ಇಲ್ಲಿ ಹೇಳುವ ಗುಣದೋಷಗಳು ಬೇರೆಯವುಗಳನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲು ಪೆಟ್ಟಿಗೆಯೊಳಗೆ ಇರುವುದೇನು ಎಂಬುದನ್ನು ಹೇಳಿಬಿಡುತ್ತೇನೆ. ಐದು ಸೆಂಟಿಮೀಟರ್ ಚೌಕದ, ಒಂದು ಸೆಂಟಿಮೀಟರ್ ದಪ್ಪದ ಎರಡು ಪ್ಲಾಸ್ಟಿಕ್ ಸಿಂಟಿಲೇಟರ್ ಬಿಲ್ಲೆಗಳು, ಪ್ರತಿಯೊಂದಕ್ಕೂ ಅಂಟಿಸಿದ ಸಿಲಿಕಾನ್ ಬೆಳಕು ಸಂವೇದಕ, ಎಣಿಕೆ ಮಾಡುವ ಸಣ್ಣದೊಂದು ಸರ್ಕ್ಯೂಟ್ ಬೋರ್ಡ್, ಅಂಗೈಯ ಅರ್ಧದಷ್ಟಿರುವ ತೆರೆ, ದತ್ತಾಂಶ ಉಳಿಸುವ ಮೆಮೊರಿ ಕಾರ್ಡ್, ಜೊತೆಗೆ ಒಂದು ಕೈಪಿಡಿ ಮತ್ತು ಮೊಬೈಲ್ ಆಪ್. ವಿದ್ಯುದಂಶವುಳ್ಳ ಕಣವೊಂದು ಬಿಲ್ಲೆಯನ್ನು ಹಾಯ್ದುಹೋದಾಗ ಅದರಲ್ಲಿ ಕ್ಷಣಮಾತ್ರ ಮಿನುಗುವ ಬೆಳಕನ್ನು ಸಂವೇದಕ ಹಿಡಿಯುತ್ತದೆ. ಮೇಲಿನ ಬಿಲ್ಲೆ ಮತ್ತು ಕೆಳಗಿನ ಬಿಲ್ಲೆ ಒಟ್ಟಿಗೇ ಮಿನುಗಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಗುಂಡಿಯೊಂದನ್ನು ಒತ್ತಿ ಹೊಂದಿಸಬಹುದು. ಹೀಗೆ ಮಾಡಿದಾಗ ಗೋಡೆ, ನೆಲಗಳಿಂದ ಹೊಮ್ಮುವ ಸಹಜ ವಿಕಿರಣದ ಗದ್ದಲವೆಲ್ಲ ಬಹುಮಟ್ಟಿಗೆ ಅಡಗಿ, ಮೇಲಿನಿಂದ ನೇರವಾಗಿ ತೂರಿಬರುವ ಮ್ಯೂಯಾನ್‌ಗಳೇ ಹೆಚ್ಚಾಗಿ ಉಳಿಯುತ್ತವೆ. ಕಣದ ಹೆಸರನ್ನಷ್ಟೇ ಕೇಳಿದ್ದ ಹುಡುಗರು, ಅಂಥದ್ದೊಂದು ತಮ್ಮ ಅಂಗೈಯನ್ನೇ ಹಾಯ್ದು ಬಂದು ತೆರೆಯ ಮೇಲೆ ಒಂದು ಅಂಕಿಯನ್ನು ಏರಿಸಿತು ಎಂದು ಅರಿತಾಗ ಅವರ ಮುಖದಲ್ಲಿ ಮೂಡಿದ ಬೆರಗಿಗೆ ನಾನು ಕೊಟ್ಟ ಹಣದ ಅರ್ಧದಷ್ಟನ್ನಾದರೂ ಜಮಾ ಹಾಕಲೇಬೇಕು.

ಉಪಕರಣದ ಗಟ್ಟಿತನದ ಬಗ್ಗೆ ಹೆಚ್ಚಿನ ದೂರಿಲ್ಲ. ಬಿಲ್ಲೆಗಳಿಗೆ ಸುತ್ತಿದ್ದ ಕಪ್ಪು ಟೇಪು ಒಂದು ಮೂಲೆಯಲ್ಲಿ ಬಿಟ್ಟುಕೊಂಡಿದ್ದರಿಂದ ಮೊದಲ ವಾರ ಮಧ್ಯಾಹ್ನದ ಹೊತ್ತಿಗೆ ಎಣಿಕೆ ಇದ್ದಕ್ಕಿದ್ದಂತೆ ಏರುತ್ತಿತ್ತು. ಕಾರಣ ಬಾಹ್ಯಾಕಾಶದಿಂದ ಬರುವ ವಿಶ್ವಕಿರಣವಲ್ಲ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲು. ಇನ್ನೆರಡು ಸುತ್ತು ಟೇಪು ಸುತ್ತಿದ ಮೇಲೆ ಅದು ಸರಿಹೋಯಿತು. ಕೇಬಲ್ ಒಂದು ಬಂದಿರಲಿಲ್ಲ. ಕೇಳಿದ ಎಂಟು ದಿನಕ್ಕೆ ಕಳಿಸಿದರು.

ಇನ್ನು ಪೆಟ್ಟಿಗೆಯ ಮೇಲಿನ ದೊಡ್ಡ ಮಾತಿಗೆ ಬರೋಣ. ಮ್ಯೂಯಾನ್ ಎಂಬುದು ಎಲೆಕ್ಟ್ರಾನ್‌ನ ಜಾತಿಗೇ ಸೇರಿದ, ಅದಕ್ಕಿಂತ ಸುಮಾರು 207 ಪಟ್ಟು ಹೆಚ್ಚು ದ್ರವ್ಯರಾಶಿಯ ಅಲ್ಪಾಯುಷಿ ಕಣ. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ವಾಯುಮಂಡಲಕ್ಕೆ ಅಪ್ಪಳಿಸಿದಾಗ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಇವು ಹುಟ್ಟುತ್ತವೆ. ನಿಶ್ಚಲವಾಗಿದ್ದರೆ ಇವುಗಳ ಸರಾಸರಿ ಆಯುಸ್ಸು 2.2 ಮೈಕ್ರೋಸೆಕೆಂಡ್. ಬೆಳಕಿನ ವೇಗದಲ್ಲೇ ಓಡಿದರೂ 15 ಕಿಲೋಮೀಟರ್ ಕ್ರಮಿಸಲು 50 ಮೈಕ್ರೋಸೆಕೆಂಡ್ ಬೇಕು. ಅಂದರೆ ಇಪ್ಪತ್ತಮೂರು ಆಯುಸ್ಸುಗಳಷ್ಟು ಕಾಲ. ನಮ್ಮ ಗಡಿಯಾರದ ಪ್ರಕಾರವೇ ಅವು ಮುಪ್ಪಾಗುವುದಾದರೆ ಸಾವಿರ ಕೋಟಿಯಲ್ಲಿ ಒಂದೋ ಎರಡೋ ಮಾತ್ರ ನೆಲ ಮುಟ್ಟಬೇಕಿತ್ತು. ವಾಸ್ತವದಲ್ಲಿ ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೊಂದರಂತೆ ಇವು ಸುರಿಯುತ್ತಿವೆ. ಈ ತರ್ಕವನ್ನು ಕೈಪಿಡಿ ಅಚ್ಚುಕಟ್ಟಾಗಿ ಹೇಳುತ್ತದೆ. ಕೈಪಿಡಿ ಹೇಳದೇ ಬಿಟ್ಟ ಒಂದು ಸಂಗತಿ ನಮ್ಮವರಿಗೆ ಹತ್ತಿರದ್ದು: ಇಂಥ ಕಣವನ್ನು ಒಂದು ಗಡಿಯಾರವೆಂದೇ ಭಾವಿಸಬಹುದು, ಆದ್ದರಿಂದ ಓಡುತ್ತಿರುವಾಗ ಅದು ನಶಿಸುವುದು ತಡವಾಗಬೇಕು ಎಂಬುದನ್ನು 1938ರಲ್ಲೇ ಬರೆದವರು ಹೋಮಿ ಭಾಭಾ. ಆಗ ಅವರು ಕೇಂಬ್ರಿಜ್‌ನಲ್ಲಿದ್ದರು. ಮರುವರ್ಷ ರಜೆಗೆಂದು ಭಾರತಕ್ಕೆ ಬಂದವರು ಮಹಾಯುದ್ಧದಿಂದಾಗಿ ಇಲ್ಲಿಯೇ ಉಳಿದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣ ಸಂಶೋಧನೆಯ ವಿಭಾಗವನ್ನು ಕಟ್ಟಿದರು.

ಕೈಪಿಡಿ ಮುಖ್ಯವಾಗಿ ಆಧರಿಸಿರುವುದು ಡೇವಿಡ್ ಫ್ರಿಷ್ ಮತ್ತು ಜೇಮ್ಸ್ ಸ್ಮಿತ್ 1963ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಅವರಿಗೆ ಗಂಟೆಗೆ ಸರಾಸರಿ 563 ಮ್ಯೂಯಾನ್‌ಗಳು ಸಿಕ್ಕಿದವು. ಅಲ್ಲಿಂದ 1,907 ಮೀಟರ್ ಕೆಳಗೆ, ಸಮುದ್ರಮಟ್ಟದ ಕೇಂಬ್ರಿಜ್‌ನಲ್ಲಿ (ಇದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್) 408 ಸಿಕ್ಕಿದವು. ಆ ದೂರವನ್ನು ಕ್ರಮಿಸಲು ನಮ್ಮ ಗಡಿಯಾರದಲ್ಲಿ 6.4 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ಕಾಲ ಹಿಗ್ಗದಿದ್ದರೆ ಕೆಳಗೆ ಬದುಕುಳಿಯಬೇಕಾದವು ಮೂವತ್ತರ ಆಸುಪಾಸು ಮಾತ್ರ. ಉಳಿದವುಗಳ ಸಂಖ್ಯೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ಮ್ಯೂಯಾನ್‌ಗಳ ಪಾಲಿಗೆ ಕಳೆದದ್ದು ಸುಮಾರು 0.7 ಮೈಕ್ರೋಸೆಕೆಂಡ್. ಅವರು ಕಂಡುಕೊಂಡ ಹಿಗ್ಗಿನ ಗುಣಕ, ಅಂದರೆ ಓಡುವ ಗಡಿಯಾರ ಎಷ್ಟು ಪಟ್ಟು ನಿಧಾನ ಎಂಬ ಅಂಕಿ, 8.8.

ನಮ್ಮ ಜಿಲ್ಲೆಯ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. ಮಂಗಳೂರು ಸಮುದ್ರದ ಅಂಚಿನಲ್ಲಿಯೇ ಇದೆ. ಇಷ್ಟು ಹೊಂದಿಕೆಯಾಗುವ ಜೋಡಿಯನ್ನು ಪ್ರಕೃತಿಯೇ ಒದಗಿಸಿರುವಾಗ ಸುಮ್ಮನಿರುವುದು ಹೇಗೆ? ಡಿಸೆಂಬರ್ ರಜೆಯಲ್ಲಿ ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊರಟೆ. ಪಣಂಬೂರಿನ ನನ್ನ ಭಾವನ ಮನೆಯ ಅಂಗಳದಲ್ಲಿ ಎರಡು ಗಂಟೆ, ಮುಳ್ಳಪ್ಪಸ್ವಾಮಿ ಗದ್ದುಗೆಯ ಬಳಿ ಗಾಳಿಗೆ ಅಡ್ಡಲಾಗಿ ಕೊಡೆ ಹಿಡಿದು ಎರಡು ಗಂಟೆ, ಬಿಲ್ಲೆಗಳ ನಡುವೆ ನಾಲ್ಕು ಸೆಂಟಿಮೀಟರ್ ಅಂತರವನ್ನು ಎರಡೂ ಕಡೆ ಒಂದೇ ಸಮನಾಗಿ ಕಾಯ್ದುಕೊಂಡು ಎಣಿಸಿದೆವು. ಕಾಂಕ್ರೀಟ್ ಛಾವಣಿಯ ಕೆಳಗೆ ಒಂದು ಎಣಿಕೆ, ಬಯಲಿನಲ್ಲಿ ಇನ್ನೊಂದು ಎಣಿಕೆ ಮಾಡಿದರೆ ಹೋಲಿಕೆಯೇ ಕೆಡುತ್ತದೆ ಎಂಬ ಎಚ್ಚರಿಕೆಯನ್ನು ಕೈಪಿಡಿ ಕೊಡುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ಕೆಳಗೆ ಸಿಕ್ಕಿದ್ದು 900ರ ಹತ್ತಿರ, ಮೇಲೆ 1,260ರ ಹತ್ತಿರ. ಎಣಿಕೆಯಲ್ಲಿ ಸಹಜವಾಗಿ ಇರುವ ಅನಿಶ್ಚಿತತೆಯು ಎಣಿಕೆಯ ವರ್ಗಮೂಲದಷ್ಟು, 900ಕ್ಕೆ 30. ಹಾಗಾಗಿ ಈ ವ್ಯತ್ಯಾಸವನ್ನು ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ.

ಎರಡೂ ಎಣಿಕೆಗಳನ್ನೂ ಎತ್ತರಗಳನ್ನೂ ಆಪ್‌ಗೆ ಉಣಿಸಿದಾಗ ಅದು "ಕಾಲ ಹಿಗ್ಗುವಿಕೆಯ ಗುಣಕ: 8.7" ಎಂದು ಹಸಿರು ಅಕ್ಷರಗಳಲ್ಲಿ ತೋರಿಸಿತು. ಹುಡುಗರು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಕಸಿವಿಸಿ. ಉತ್ತರ ಇಷ್ಟು ಚೆನ್ನಾಗಿ ಬರಲು ಕಾರಣವೇ ಇರಲಿಲ್ಲ.

ಯಾಕೆಂದರೆ ಫ್ರಿಷ್ ಮತ್ತು ಸ್ಮಿತ್ ಎಣಿಸಿದ್ದು ಸಿಕ್ಕಸಿಕ್ಕ ಮ್ಯೂಯಾನ್‌ಗಳನ್ನಲ್ಲ. ದಪ್ಪನೆಯ ಕಬ್ಬಿಣದ ರಾಶಿಯನ್ನು ಮೇಲಿಟ್ಟು, ಅದನ್ನು ತೂರಿಬಂದು ತಮ್ಮ ಸಿಂಟಿಲೇಟರ್‌ನೊಳಗೇ ನಿಂತು ನಶಿಸಿದವುಗಳನ್ನು ಮಾತ್ರ, ಅಂದರೆ ಬೆಳಕಿನ ವೇಗದ 0.9950ರಿಂದ 0.9954 ಪಟ್ಟಿನ ನಡುವಿನ ವೇಗದವುಗಳನ್ನು ಮಾತ್ರ, ಅವರು ಆಯ್ದುಕೊಂಡಿದ್ದರು. ಸಮುದ್ರಮಟ್ಟಕ್ಕೆ ಇಳಿದಾಗ, ನಡುವಿನ ಗಾಳಿಯೇ ಅವುಗಳ ವೇಗವನ್ನು ಒಂದಿಷ್ಟು ತಗ್ಗಿಸಿರುತ್ತದೆಂದು ಕಬ್ಬಿಣದ ದಪ್ಪವನ್ನು ಅದಕ್ಕೆ ತಕ್ಕಂತೆ ಇಳಿಸಿದರು. ಹಾಗೆ ಮಾಡಿದ್ದರಿಂದಲೇ ಮೇಲೆ ಎಣಿಸಿದ ಬಳಗದ ಮ್ಯೂಯಾನ್‌ಗಳನ್ನೇ ಕೆಳಗೂ ಎಣಿಸಿದಂತಾಯಿತು. ಈ ಕಿಟ್ಟಿನಲ್ಲಿ ಕಬ್ಬಿಣವಿಲ್ಲ, ಆಯ್ಕೆಯೂ ಇಲ್ಲ. ನೆಲಕ್ಕೆ ಬರುವ ಮ್ಯೂಯಾನ್‌ಗಳ ಸರಾಸರಿ ಶಕ್ತಿ ಸುಮಾರು 4 ಗಿಗಾ ಎಲೆಕ್ಟ್ರಾನ್‌ವೋಲ್ಟ್. ಅಂಥವುಗಳ ಗುಣಕ 8.7 ಅಲ್ಲ, 40ಕ್ಕೆ ಹತ್ತಿರ. ಅಷ್ಟು ಗುಣಕವಿದ್ದರೆ 1,900 ಮೀಟರ್ ಇಳಿಯುವಷ್ಟರಲ್ಲಿ ನಶಿಸುವವು ನೂರಕ್ಕೆ ಏಳೆಂಟು ಮಾತ್ರ. ನಮ್ಮ ಎಣಿಕೆಯಲ್ಲಿ ಕಂಡ ಇಳಿಕೆಯ ಬಹುಪಾಲಿಗೆ ಬೇರೆ ಕಾರಣಗಳಿವೆ: ನಿಧಾನಗತಿಯ ಮ್ಯೂಯಾನ್‌ಗಳು ಗಾಳಿಯಲ್ಲಿಯೇ ಶಕ್ತಿ ಕಳೆದುಕೊಂಡು ನಿಲ್ಲುತ್ತವೆ, ಎತ್ತರದಲ್ಲಿ ಎಲೆಕ್ಟ್ರಾನ್‌ಗಳ ಪಾಲು ಹೆಚ್ಚಿರುತ್ತದೆ. ಇದಕ್ಕೆ ಎದುರಾಗಿ ನಡುದಾರಿಯಲ್ಲಿ ಹೊಸ ಮ್ಯೂಯಾನ್‌ಗಳೂ ಹುಟ್ಟಿ ಇಳಿಕೆಯನ್ನು ತುಸು ತಗ್ಗಿಸುತ್ತವೆ. ಇವೆಲ್ಲವನ್ನೂ ಆಪ್ ಒಂದೇ ಸೂತ್ರದೊಳಗೆ ತುರುಕಿ, ಚರಿತ್ರೆಯ ಅಂಕಿಯೊಂದರ ಪಕ್ಕಕ್ಕೆ ಬಂದು ನಿಲ್ಲುವ ಅಂಕಿಯನ್ನು ಹೊರಹಾಕುತ್ತದೆ. ತಪ್ಪು ದಾರಿಯಲ್ಲಿ ಹೋಗಿ ಸರಿಯಾದ ಊರಿಗೇ ತಲುಪಿದ ಹಾಗೆ ತೋರುವ ಈ ಅಂಕಿಗಿಂತ, ಎದ್ದು ಕಾಣುವಂತೆ ತಪ್ಪಾದ ಅಂಕಿಯೇ ಬೋಧನೆಗೆ ಮೇಲು ಎಂಬುದು ನನ್ನ ಅಭಿಪ್ರಾಯ.

ಇದರ ಜೊತೆಗೆ ಇನ್ನೆರಡು ಸಂಗತಿಗಳಿವೆ. ಸಿಲಿಕಾನ್ ಸಂವೇದಕದ ಸೂಕ್ಷ್ಮತೆ ತಣ್ಣಗಾದಂತೆಲ್ಲ ಹೆಚ್ಚುತ್ತದೆ. ಬೆಟ್ಟದ ಚಳಿಯೇ ಎಣಿಕೆಯನ್ನು ಸ್ವಲ್ಪ ಏರಿಸಿರಲಿಕ್ಕೂ ಸಾಕು. ಇದನ್ನು ಸರಿದೂಗಿಸುವ ವ್ಯವಸ್ಥೆ ಉಪಕರಣದಲ್ಲಿಲ್ಲ. ಎರಡನೆಯದಾಗಿ, ಕೈಪಿಡಿಯಲ್ಲಿ ಕೊಟ್ಟಿರುವ ಮಾದರಿ ಎಣಿಕೆಗಳು ಭೂಮಿಯ ಕಾಂತಕ್ಷೇತ್ರ ಅಷ್ಟಾಗಿ ಅಡ್ಡಿಪಡಿಸದ ಉತ್ತರದ ಅಕ್ಷಾಂಶಗಳವು. ನಾವಿರುವುದು ಕಾಂತೀಯ ಸಮಭಾಜಕದ ಹತ್ತಿರ. ಕಡಿಮೆ ಶಕ್ತಿಯ ಪ್ರೋಟಾನ್‌ಗಳನ್ನು ಕಾಂತಕ್ಷೇತ್ರವು ಇಲ್ಲಿ ಹೊರಗೇ ತಡೆದುಬಿಡುತ್ತದೆ. ಆದ್ದರಿಂದ ನಮ್ಮ ಎಣಿಕೆ ಕೈಪಿಡಿಯದಕ್ಕಿಂತ ಕಡಿಮೆ ಬಂದರೆ ಉಪಕರಣ ಕೆಟ್ಟಿದೆಯೆಂದು ಗಾಬರಿಯಾಗಬೇಕಿಲ್ಲ. ನಾನು ಗಾಬರಿಯಾಗಿದ್ದೆ.

ಹೀಗಿದ್ದೂ ಕಿಟ್ಟಿನ ನಿಜವಾದ ಕೊರತೆ ಉಪಕರಣದಲ್ಲಿಲ್ಲ, ಜೊತೆಗೆ ಬಂದ ಪಾಠದಲ್ಲಿದೆ. "ಚಲಿಸುವ ಗಡಿಯಾರ ನಿಧಾನವಾಗಿ ಓಡುತ್ತದೆ" ಎಂಬ ವಾಕ್ಯ ಕೈಪಿಡಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಯಾರಿಗೆ ಹೋಲಿಸಿದರೆ ಚಲಿಸುವ ಗಡಿಯಾರ ಎಂಬುದು ಒಮ್ಮೆಯೂ ಬರುವುದಿಲ್ಲ. ಬೆಟ್ಟದಿಂದ ಇಳಿಯುವಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ್ದು ಇದನ್ನೇ: "ಸರ್, ಮ್ಯೂಯಾನ್ ಕಡೆಯಿಂದ ನೋಡಿದರೆ ಓಡಿಬರ್ತಾ ಇರೋದು ಭೂಮಿ ಅಲ್ವಾ? ಹಾಗಾದ್ರೆ ನಿಧಾನ ಆಗಬೇಕಾದ್ದು ನಮ್ಮ ಗಡಿಯಾರ. ಇಬ್ಬರದ್ದೂ ನಿಧಾನ ಅಂದ್ರೆ ಹೇಗೆ ಸರ್?" ಪರಸ್ಪರ ಚಲಿಸುತ್ತಿರುವ ಇಬ್ಬರು ವೀಕ್ಷಕರ ನಡುವಿನ ಕಾಲ ಹಿಗ್ಗುವಿಕೆಯನ್ನು ಅರ್ಥ ಮಾಡಿಕೊಳ್ಳುವುದೆಂದರೆ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳುವುದೇ. ಅದಕ್ಕೆ ಕೈಪಿಡಿಯಲ್ಲಿ ಅರ್ಧ ಪುಟವೂ ಇಲ್ಲದಿರುವುದು ಕ್ಷಮೆಗೆ ಅರ್ಹವಾದ ಲೋಪವಲ್ಲ.

ಆ ಸಂಜೆ ನಾವು ಕಾಗದದ ಮೇಲೆ ಮಾಡಿದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ; ಕಿಟ್ ಕೊಂಡವರು ಇದನ್ನು ಕೈಪಿಡಿಯೊಳಗೆ ಅಂಟಿಸಿಕೊಳ್ಳಬಹುದು. 1963ರ ಎತ್ತರವನ್ನೇ ಇಟ್ಟುಕೊಂಡು, ಗುಣಕ ಪೂರ್ತಿ 9 ಎಂದು ಭಾವಿಸೋಣ. ಬೆಟ್ಟದ ತುದಿಯಲ್ಲೊಂದು, ಸಮುದ್ರದ ದಡದಲ್ಲೊಂದು ಗಡಿಯಾರವಿದ್ದು, ನಮ್ಮ ಪಾಲಿಗೆ ಅವೆರಡೂ ಸರಿಯಾಗಿ ಹೊಂದಿಕೊಂಡಿವೆ. ಮ್ಯೂಯಾನ್ ತುದಿಯನ್ನು ದಾಟುವಾಗ ಅಲ್ಲಿನ ಗಡಿಯಾರ ಸೊನ್ನೆ ತೋರಿಸುತ್ತದೆ; ದಡ ಸೇರುವಾಗ ದಡದ ಗಡಿಯಾರ 6.40 ಮೈಕ್ರೋಸೆಕೆಂಡ್ ತೋರಿಸುತ್ತದೆ. ಮ್ಯೂಯಾನ್‌ನ ಸ್ವಂತ ಗಡಿಯಾರದಲ್ಲಿ ಕಳೆದದ್ದು 0.71. ಇದು ನಮ್ಮ ಕಥೆ.

ಮ್ಯೂಯಾನ್ ಹೇಳುವ ಕಥೆ ಹೀಗಿರುತ್ತದೆ. ತಾನು ನಿಂತಲ್ಲೇ ನಿಂತಿದ್ದೇನೆ. ಬೆಟ್ಟವೇ ತನ್ನನ್ನು ದಾಟಿ ಮೇಲಕ್ಕೆ ನುಗ್ಗುತ್ತಿದೆ. ಓಡುವ ಬೆಟ್ಟ ಕುಗ್ಗಿರುವುದರಿಂದ ಅದರ ಎತ್ತರ 1,907 ಮೀಟರ್ ಅಲ್ಲ, 212 ಮೀಟರ್ ಮಾತ್ರ. ಅಷ್ಟು ದಾಟಿಹೋಗಲು 0.71 ಮೈಕ್ರೋಸೆಕೆಂಡ್ ಸಾಕು. ಅಷ್ಟರಲ್ಲಿ ಭೂಮಿಯ ಗಡಿಯಾರಗಳು, ಓಡುತ್ತಿರುವವು ಅವೇ ಆದ್ದರಿಂದ, ಒಂಬತ್ತು ಪಟ್ಟು ನಿಧಾನವಾಗಿ ನಡೆದು ಬರಿಯ 0.08 ಮೈಕ್ರೋಸೆಕೆಂಡ್ ಮುಂದೆ ಹೋಗಿರುತ್ತವೆ. ಹಾಗಿದ್ದರೆ ದಡದ ಗಡಿಯಾರ 6.40 ತೋರಿಸಿದ್ದಾದರೂ ಹೇಗೆ? ಗುಟ್ಟು ಇಲ್ಲಿದೆ: ಆ ಎರಡು ಗಡಿಯಾರಗಳು ಹೊಂದಿಕೊಂಡಿವೆ ಎಂಬುದನ್ನು ಮ್ಯೂಯಾನ್ ಒಪ್ಪುವುದೇ ಇಲ್ಲ. ತುದಿಯ ಗಡಿಯಾರ ಸೊನ್ನೆ ತೋರಿಸಿದ ಆ ಕ್ಷಣದಲ್ಲಿ, ಮ್ಯೂಯಾನ್‌ನ ಲೆಕ್ಕಕ್ಕೆ, ದಡದ ಗಡಿಯಾರ ಆಗಲೇ 6.32 ತೋರಿಸುತ್ತಿತ್ತು. ವೇಗವನ್ನು ದೂರದಿಂದ ಗುಣಿಸಿ ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಬರುವ ಅಂಕಿ ಅದು. 6.32ಕ್ಕೆ 0.08 ಕೂಡಿದರೆ 6.40. ದಡದಲ್ಲಿ ಇಬ್ಬರೂ ಅದೇ ಗಡಿಯಾರವನ್ನು ನೋಡಿ ಅದೇ ಅಂಕಿಯನ್ನು ಓದುತ್ತಾರೆ. ಇಬ್ಬರಿಗೂ ಎದುರಿನವರ ಗಡಿಯಾರ ನಿಧಾನ, ಆದರೂ ಎಲ್ಲಿಯೂ ತಕರಾರಿಲ್ಲ. "ಒಂದೇ ಕ್ಷಣ" ಎಂಬುದರ ಬಗ್ಗೆ ಮಾತ್ರ ಇಬ್ಬರದೂ ಬೇರೆ ಬೇರೆ ತೀರ್ಮಾನ. ಪ್ರಶ್ನೆ ಕೇಳಿದ ಹುಡುಗಿ ಕೂಡುವ ಲೆಕ್ಕವನ್ನು ತಾನೇ ಮತ್ತೊಮ್ಮೆ ಮಾಡಿ ನೋಡಿದಳು. ಅಂದಿನ ಪ್ರವಾಸದಲ್ಲಿ ಹಸಿರು ಅಕ್ಷರದ 8.7ಕ್ಕಿಂತ ಈ ಕೂಡಿಕೆಗೆ ಬೆಲೆ ಹೆಚ್ಚು.

ಆಪ್‌ನಲ್ಲಿ ಬೆಳಕಿನ ಗಡಿಯಾರದ ಚಲನಚಿತ್ರವಿದೆ. ಎರಡು ಕನ್ನಡಿಗಳ ನಡುವೆ ಪುಟಿಯುವ ಬೆಳಕು ರೈಲಿನಲ್ಲಿದ್ದವರಿಗೆ ನೇರವಾಗಿಯೂ ನಿಲ್ದಾಣದಲ್ಲಿದ್ದವರಿಗೆ ಓರೆಯಾಗಿಯೂ ಕಾಣುವುದನ್ನು ಅಂದವಾಗಿ ತೋರಿಸಿದ್ದಾರೆ. ಆದರೆ ನಿಲ್ದಾಣದಲ್ಲಿಯೂ ಒಂದು ಬೆಳಕಿನ ಗಡಿಯಾರವಿಟ್ಟು ರೈಲಿನವರು ಅದನ್ನು ಹೇಗೆ ಕಾಣುತ್ತಾರೆ ಎಂದು ತೋರಿಸುವ ಗುಂಡಿ ಇಲ್ಲ. ಇನ್ನೊಂದು ಕಡೆ, ಹತ್ತಿರ ಬರುತ್ತಿರುವ ರಾಕೆಟ್ಟಿನ ಗಡಿಯಾರವನ್ನು ದುರ್ಬೀನಿನಲ್ಲಿ ನೋಡಿದರೆ ಅದು ನಿಧಾನವಾಗಿ ಓಡುವುದು "ಕಾಣುತ್ತದೆ" ಎಂದಿದೆ. ಇದು ನೇರವಾದ ತಪ್ಪು. ಹತ್ತಿರ ಬರುವ ಗಡಿಯಾರ, ಅದರಿಂದ ಹೊರಟ ಬೆಳಕು ಪ್ರತಿ ಸಲವೂ ಕಡಿಮೆ ದೂರ ಕ್ರಮಿಸುವುದರಿಂದ, ಕಣ್ಣಿಗೆ ವೇಗವಾಗಿಯೇ ಕಾಣುತ್ತದೆ. ಗುಣಕ 9 ಇದ್ದಾಗ ಹೆಚ್ಚುಕಡಿಮೆ ಹದಿನೆಂಟು ಪಟ್ಟು ವೇಗವಾಗಿ. ಬೆಳಕು ಬರಲು ಹಿಡಿದ ಸಮಯವನ್ನು ಕಳೆದು ಲೆಕ್ಕ ಹಾಕಿದ ಮೇಲೆ ಉಳಿಯುವುದೇ ಕಾಲ ಹಿಗ್ಗುವಿಕೆ. ಹಿಗ್ಗುವಿಕೆಯೆಂದರೆ ಬೆಳಕು ತಡವಾಗಿ ಬರುವುದರಿಂದಾಗುವ ಕಣ್ಣಿನ ಭ್ರಮೆ ಎಂದು ನಂಬಿರುವ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇದ್ದಾರೆ. ಆಪ್ ಆ ನಂಬಿಕೆಗೆ ನೀರೆರೆಯುತ್ತದೆ.

ಜಿಪಿಎಸ್ ಕುರಿತ ಪುಟವೂ ಹಾಗೆಯೇ. ಉಪಗ್ರಹದ ಗಡಿಯಾರ ದಿನಕ್ಕೆ 38 ಮೈಕ್ರೋಸೆಕೆಂಡ್ ವ್ಯತ್ಯಾಸವಾಗುವುದು "ಅದರ ವೇಗದಿಂದ" ಎಂದು ಬರೆದಿದ್ದಾರೆ. ವೇಗದಿಂದಾಗುವುದು ದಿನಕ್ಕೆ ಸುಮಾರು 7 ಮೈಕ್ರೋಸೆಕೆಂಡ್ ಹಿಂದೆ ಬೀಳುವುದು; ಎತ್ತರದಲ್ಲಿ ಗುರುತ್ವ ಕಡಿಮೆಯಿರುವುದರಿಂದ ಸುಮಾರು 45 ಮುಂದೆ ಹೋಗುತ್ತದೆ; 38 ಎಂಬುದು ಎರಡರ ವ್ಯತ್ಯಾಸ, ಅದೂ ಮುಂದಕ್ಕೆ. ಪರೀಕ್ಷೆಯಲ್ಲಿ ಹೀಗೆ ಬರೆದರೆ ನಾನೇ ಅಂಕ ಕಳೆಯುತ್ತೇನೆ. ಈ ತಪ್ಪುಗಳನ್ನೆಲ್ಲ ಪಟ್ಟಿ ಮಾಡಿ ತಯಾರಕರಿಗೆ ಬರೆದಾಗ, ಮುಂದಿನ ಮುದ್ರಣದಲ್ಲಿ ಪರಿಶೀಲಿಸುತ್ತೇವೆ ಎಂಬ ಎರಡು ಸಾಲಿನ ಉತ್ತರ ಬಂತು. ಆಪ್‌ನ ಗುಣಕದ ಬಗ್ಗೆ ಅದರಲ್ಲಿ ಚಕಾರವಿಲ್ಲ.

ಹಾಗಾದರೆ ಕೊಳ್ಳಬೇಕೇ? ಪಾಠ ಹೇಳಬಲ್ಲ ಶಿಕ್ಷಕರೊಬ್ಬರು ಜೊತೆಗಿರುವ ಕಾಲೇಜಿಗೆ ಖಂಡಿತ ಕೊಳ್ಳಿರಿ ಎನ್ನುತ್ತೇನೆ. ಮ್ಯೂಯಾನ್ ಎಣಿಸುವ ಯಂತ್ರವಾಗಿ ಇದು ತನ್ನ ಬೆಲೆಗೆ ಮೋಸ ಮಾಡುವುದಿಲ್ಲ. ಎತ್ತರದೊಂದಿಗೆ, ಗಾಳಿಯ ಒತ್ತಡದೊಂದಿಗೆ, ಬಾಗಿಸಿದ ಕೋನದೊಂದಿಗೆ ಎಣಿಕೆ ಬದಲಾಗುವುದನ್ನು ಒಂದು ವರ್ಷವಿಡೀ ಅಭ್ಯಾಸ ಮಾಡಬಹುದು. ಮನೆಯಲ್ಲಿ ಒಬ್ಬರೇ ಕುಳಿತು ಸಾಪೇಕ್ಷತೆಯನ್ನು ಕಲಿಯಬೇಕೆಂದಿರುವ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ಇದನ್ನು ಕೊಡಿಸಬೇಡಿ. ಅವರಿಗೆ ಒಂದು ನೋಟ್‌ಪುಸ್ತಕ ಮತ್ತು ಮೇಲಿನ ಎರಡು ಗಡಿಯಾರಗಳ ಲೆಕ್ಕ ಸಾಕು. ಮ್ಯೂಯಾನ್‌ನ ಆಯುಸ್ಸನ್ನು ಸ್ವತಃ ಅಳೆಯಬೇಕೆನ್ನುವವರು ಇದಕ್ಕಿಂತ ಬಹಳ ದಪ್ಪನೆಯ ಸಿಂಟಿಲೇಟರ್ ಇರುವ ಉಪಕರಣವನ್ನೇ ಹುಡುಕಬೇಕು, ಏಕೆಂದರೆ ಒಂದು ಸೆಂಟಿಮೀಟರ್ ಬಿಲ್ಲೆಯೊಳಗೆ ನಿಂತು ನಶಿಸುವ ಮ್ಯೂಯಾನ್‌ಗಳು ತೀರ ಅಪರೂಪ. ಆಯುಸ್ಸನ್ನು ಪುಸ್ತಕದಿಂದ ಎರವಲು ಪಡೆದೇ ಈ ಕಿಟ್ಟಿನಲ್ಲಿ ಮುಂದೆ ಹೋಗಬೇಕಾಗುತ್ತದೆ. ಆಪ್‌ನ ಗುಣಕದ ಪುಟವನ್ನು ತೆರೆಯುವ ಮುನ್ನ ವಿದ್ಯಾರ್ಥಿಗಳ ಮೊಬೈಲುಗಳನ್ನು ಮೇಜಿನ ಮೇಲೆ ಇಡಿಸಿಬಿಡುವುದು ನಾನೀಗ ಪಾಲಿಸುತ್ತಿರುವ ಕ್ರಮ. ಐದರಲ್ಲಿ ಉಪಕರಣಕ್ಕೆ ನಾಲ್ಕು, ಕೈಪಿಡಿಗೆ ಎರಡು, ಆಪ್‌ಗೆ ಒಂದು.